ಬ್ರೇಕ್ ಒತ್ತಿದರೆ ಪಿಕಪ್ ಅದುರುತ್ತದೆ. ಎರಡು ಸಲ ಡಿಸ್ಕ್ ಬದಲಿಸಿದರೂ ಹೋಗಿಲ್ಲ

ಬಾಳೂರು ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಮೂಡಿಗೆರೆ ತಾಲ್ಲೂಕಿನ ಬಾಳೂರಿನ ಹತ್ತಿರ. ಮೂರು ಎಕರೆ ಕಾಫಿ ಮನೆಖರ್ಚಿಗೆ ಸಾಲದು ಎಂದು ಒಂದೂವರೆ ಟನ್ನಿನ ಡೀಸೆಲ್ ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತೇನೆ. ಶುಂಠಿ, ಬಾಳೆಗೊನೆ, ಕಾಳುಮೆಣಸಿನ ಮೂಟೆ, ಯಾರದ್ದಾದರೂ ಮನೆ ಸಾಮಾನು, ಸಿಕ್ಕಿದ್ದನ್ನು ಹೇರುತ್ತೇನೆ. ವಾರಕ್ಕೆ ಮೂರು ಸಲವಾದರೂ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಕೆಲವೊಮ್ಮೆ ಮಂಗಳೂರಿನವರೆಗೂ ಹೋಗಿ ಬರುತ್ತೇನೆ.

ತೊಂದರೆ ಇಷ್ಟು. 70–80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಎರಡೂ ಕೈಯಲ್ಲಿ ನಡುಗುತ್ತದೆ. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಮಂಜುನಾಥಸ್ವಾಮಿಯ ಚಿಕ್ಕ ಫೋಟೊ ‘ಬೇಡ, ಬೇಡ’ ಎಂಬಂತೆ ತಲೆಯಾಡಿಸುತ್ತದೆ. ವೇಗ 40ಕ್ಕೆ ಇಳಿದಾಗ ನಡುಕ ನಿಧಾನವಾಗಿ, ಆಮೇಲೆ ತೂಗಿದಂತಾಗಿ ನಿಲ್ಲುತ್ತದೆ. ಬ್ರೇಕ್ ಒತ್ತದಿದ್ದರೆ 90ರಲ್ಲೂ ಗಾಡಿ ಬೆಣ್ಣೆಯಂತೆ ಓಡುತ್ತದೆ.

ಗ್ಯಾರೇಜಿನವರು ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಮುಂದಿನ ಎರಡೂ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಕಚ್ಚುವ ಪ್ಯಾಡ್ ಬದಲಿಸಿದರು. ಕೂಲಿ ಸೇರಿ 8,200 ರೂಪಾಯಿ. ಒಂದು ತಿಂಗಳು ಸುಖ. ಸುಮಾರು 4,000 ಕಿ.ಮೀ. ಓಡುವ ಹೊತ್ತಿಗೆ ಮತ್ತೆ ಶುರುವಾಯಿತು. ‘ಆ ಡಿಸ್ಕ್ ಕಂಪನಿಯದ್ದಲ್ಲ, ಅದಕ್ಕೇ’ ಎಂದು ಇನ್ನೊಂದು ಜೊತೆ ಹಾಕಿದರು. ಈ ಸಲ 5,000 ಕಿ.ಮೀ. ಬಂತು, ಅಷ್ಟೇ. ಮೂರನೆಯ ಜೊತೆಗೆ ದುಡ್ಡು ಹೊಂದಿಸುವ ಮೊದಲು ಇಲ್ಲಿ ಕೇಳುತ್ತಿದ್ದೇನೆ. ನನ್ನ ಗಾಡಿ ಡಿಸ್ಕನ್ನೇ ತಿನ್ನುವ ಜಾತಿಯದ್ದೇ, ಅಥವಾ ಬೇರೇನಾದರೂ ಇದೆಯೇ?

ಇತರ ವಿವರ: ಗಾಡಿ 1,10,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದಿನ ಟೈರ್ ಹೊಸದು. ಕಳೆದ ವರ್ಷ ಹಿಂದಿನ ಲೀಫ್ ಸ್ಪ್ರಿಂಗಿಗೆ ಎರಡೂ ಕಡೆ ಒಂದೊಂದು ಪ್ಲೇಟ್ ಹೆಚ್ಚು ಹಾಕಿಸಿದ್ದೇನೆ, ಲೋಡ್ ಹಾಕಿದಾಗ ಹಿಂದೆ ಕೂರುತ್ತಿತ್ತು.

ಕಡೂರು ಎಕ್ಸ್‌ಪ್ರೆಸ್

ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ ಅಣ್ಣ. ನನ್ನ ಕಾರಿಗೂ ಹೀಗೇ ಆಗಿತ್ತು, 600 ರೂಪಾಯಿಯಲ್ಲಿ ಮುಗಿಯಿತು.

ಡಿಪೋ ಮೇಸ್ತ್ರಿ

ಕಡೂರಿನವರು ಬೇಸರ ಮಾಡಿಕೊಳ್ಳಬಾರದು, ಆದರೆ ಬ್ಯಾಲೆನ್ಸ್ ತಪ್ಪಿದ ಚಕ್ರ ಬ್ರೇಕಿಗಾಗಿ ಕಾಯುವುದಿಲ್ಲ. ವೇಗ ಬಂದರೆ ಸಾಕು, ತಾನಾಗಿ ನಡುಗುತ್ತದೆ. ಇವರ ಗಾಡಿ 90ರಲ್ಲಿ ಬೆಣ್ಣೆಯಂತೆ ಓಡುತ್ತದೆ ಎಂದಿದ್ದಾರೆ. ಅಲ್ಲಿಗೆ ಬ್ಯಾಲೆನ್ಸಿಂಗ್ ವಿಷಯ ಮುಗಿಯಿತು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರ್ ತಿನ್ನುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಹೀಗೆ ನಡುಗಿಸುವುದಿಲ್ಲ.

ನಾನು ಬಸ್ ಡಿಪೋದಲ್ಲಿ 31 ವರ್ಷ ಬ್ರೇಕ್ ವಿಭಾಗದಲ್ಲಿದ್ದವನು, ಈಗ ನಿವೃತ್ತ. ಬಾಳೂರಿನವರೇ, ನಿಮ್ಮ ಬರಹದಲ್ಲಿ ನನಗೆ ಬೇಕಾದ ಮಾತು ಒಂದೇ: ‘4,000 ಕಿ.ಮೀ. ಓಡುವ ಹೊತ್ತಿಗೆ’. ಹೊಸ ಡಿಸ್ಕ್ ಹಾಕಿದ ದಿನವೇ ಅದುರಿದರೆ ಅದು ಡಿಸ್ಕಿನ ದೋಷವೋ ಜೋಡಣೆಯ ದೋಷವೋ ಇರಬಹುದು. ನಾಲ್ಕೈದು ಸಾವಿರ ಚೆನ್ನಾಗಿ ಓಡಿ ಆಮೇಲೆ ಅದುರಿದರೆ, ಒಳ್ಳೆಯ ಡಿಸ್ಕನ್ನು ನಿಮ್ಮ ಗಾಡಿಯೇ ಕೆಡಿಸುತ್ತಿದೆ ಎಂದು ಅರ್ಥ. ಮೂರನೆಯ ಜೊತೆ ಹಾಕಿದರೂ ಗತಿ ಇಷ್ಟೇ.

‘ಬೆಂಡ್’ ಎಂಬ ಪದ ಗ್ಯಾರೇಜುಗಳಲ್ಲಿ ತುಂಬ ಅಗ್ಗವಾಗಿದೆ. ಎರಕದ ಕಬ್ಬಿಣದ ಡಿಸ್ಕ್ ತಗಡಿನ ತಟ್ಟೆಯ ಹಾಗೆ ಸೊಟ್ಟಗಾಗುವುದು ಅಪರೂಪ. ಬಹಳ ಸಲ ಆಗುವುದು ಬೇರೆ. ಡಿಸ್ಕ್ ಕೂರುವ ಹಬ್ಬಿನ, ಅಂದರೆ ಚಕ್ರದ ನಡುವಿನ ಗುಂಬದ, ಮುಖದ ಮೇಲೆ ತುಕ್ಕಿನ ಒಂದು ಹೆಕ್ಕಳಿಕೆಯೋ ಮಣ್ಣೋ ಉಳಿದಿರುತ್ತದೆ. ಅದನ್ನು ಒರೆಸದೆ ಹೊಸ ಡಿಸ್ಕ್ ಬಿಗಿದರೆ ಡಿಸ್ಕ್ ಕೂದಲೆಳೆಯಷ್ಟು ಓರೆ ಕೂರುತ್ತದೆ. ನಡುವಿನ ಹತ್ತಿರ ಇರುವ ಆ ಓರೆ ಅಂಚಿಗೆ ಬರುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಚಕ್ರ ತಿರುಗುವಾಗ ಡಿಸ್ಕ್ ಅತ್ತಿತ್ತ ಓಲಾಡುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೆ ಒಂದು ಸಲ, ಅದೇ ಜಾಗದಲ್ಲಿ, ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. 80ರ ವೇಗದಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗುತ್ತದೆ. ಮಂಗಳೂರಿಗೆ ಹೋಗಿಬರುವಷ್ಟರಲ್ಲಿ ಅದೇ ಜಾಗಕ್ಕೆ ಎಷ್ಟು ಸಲ ಉಜ್ಜಿತು ಎಂದು ಲೆಕ್ಕ ಹಾಕಿಕೊಳ್ಳಿ. ಕೆಲವು ಸಾವಿರ ಕಿಲೋಮೀಟರಿನಲ್ಲಿ ಆ ಜಾಗ ಸವೆದು ತೆಳ್ಳಗಾಗುತ್ತದೆ. ಈಗ ಪ್ಯಾಡು ಒಂದು ಕಡೆ ದಪ್ಪ, ಒಂದು ಕಡೆ ತೆಳು ಡಿಸ್ಕನ್ನು ಹಿಡಿಯುತ್ತಿದೆ. ಹಿಡಿತ ಬಿಗಿ, ಸಡಿಲ, ಬಿಗಿ, ಸಡಿಲ. ಆ ತಾಳವೇ ನಿಮ್ಮ ಕೈಗೆ ಬರುವ ನಡುಕ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ದಪ್ಪ ಹೆಚ್ಚುಕಮ್ಮಿಯಾದರೂ ಕೈಗೆ ಗೊತ್ತಾಗುತ್ತದೆ.

ಗಾಡಿ ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿ ನೋಡಿ.

ಬೆಳಗ್ಗೆ ಬೇಗ, ಖಾಲಿ ರಸ್ತೆಯಲ್ಲಿ, ಒಣ ಡಾಂಬರಿನ ಮೇಲೆ, ಹಿಂದೆ ಯಾರೂ ಇಲ್ಲದಾಗ 40ರಲ್ಲಿ ಹೋಗಿ. ಕಾಲು ಬ್ರೇಕ್ ಮುಟ್ಟಬೇಡಿ. ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಎಳೆಯಿರಿ. ಗುಂಡಿ ಬಿಟ್ಟರೆ ಅದು ಕಚ್ಚಿಕೊಂಡು ಹಿಂದಿನ ಚಕ್ರ ಜಾರಬಹುದು, ಎಚ್ಚರ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಡ್ರಮ್ಮನ್ನು ಮಾತ್ರ. ಆಗ ನಡುಕ ಬಂದರೆ ಡ್ರಮ್ಮಿನಲ್ಲೂ ದೋಷವಿದೆ, ಬರದಿದ್ದರೆ ಮುಂದಿನದ್ದನ್ನು ಮಾತ್ರ ನೋಡಿದರೆ ಸಾಕು. ಹಾಗೆಯೇ ನಡುಕ ಎಲ್ಲಿ ಕೂತಿದೆ ಎಂದು ಗಮನಿಸಿ. ಕೈಗೆ ಬಂದರೆ ಮುಂದಿನದ್ದು, ಸೊಂಟಕ್ಕೆ ಬಂದರೆ ಹಿಂದಿನದ್ದು ಎಂಬುದು ಹೆಚ್ಚಿನ ಸಲ ನಿಜ.

ಎರಡನೆಯದು, ಹತ್ತು ಹನ್ನೆರಡು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ಮುಂದಿನ ಎರಡೂ ಚಕ್ರದ ರಿಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ. ಒಂದು ಕಡೆ ಬಿಸಿ ಹೆಚ್ಚಿದ್ದರೆ ಆ ಕಡೆಯ ಕ್ಯಾಲಿಪರ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿ, ಬಿಡುತ್ತಿಲ್ಲ.

ಇವೆರಡರ ಫಲ ಬರೆಯಿರಿ. ಆ ಹೆಚ್ಚುವರಿ ಪ್ಲೇಟಿನ ವಿಷಯ ನನ್ನ ತಲೆಯಲ್ಲಿದೆ, ಆಮೇಲೆ ಮಾತನಾಡೋಣ.

ಲೇತ್ ಅಂಗಡಿ, ಹಾಸನ

ಮೇಸ್ತ್ರಿಗಳ ಮಾತಿಗೆ ಒಂದು ಬಾಲ. ಈಗಿರುವ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಕನಿಷ್ಠ ದಪ್ಪ ಇಷ್ಟು ಎಂದು ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ಮೈಕ್ರೋಮೀಟರಿನಲ್ಲಿ ಸುತ್ತ ಎಂಟು ಕಡೆ ಅಳೆದು, ಅತಿ ತೆಳುವಾದ ಜಾಗವೂ ಕೆತ್ತಿದ ಅಂಕಿಗಿಂತ ಚೆನ್ನಾಗಿ ಮೇಲಿದ್ದರೆ ಲೇತಿನಲ್ಲಿ ಎರಡೂ ಮುಖ ಸವರಿ ಬಳಸಬಹುದು. ವರ್ನಿಯರ್ ಬೇಡ, ಅದರ ದವಡೆ ಅಂಚಿನ ದಿಬ್ಬದ ಮೇಲೆ ಕೂತು ಸುಳ್ಳು ಹೇಳುತ್ತದೆ.

ನಮ್ಮಲ್ಲಿಗೆ ಬರುವವರು ಡಿಸ್ಕ್ ಒಂದನ್ನೇ ತರುತ್ತಾರೆ. ನಾನು ಅದನ್ನು ನನ್ನ ಲೇತಿನ ಚಕ್ಕಿನಲ್ಲಿ ನೆಟ್ಟಗೆ ಕೂರಿಸಿ ನೆಟ್ಟಗೆ ಸವರಿ ಕೊಡುತ್ತೇನೆ. ಅವರು ಕೊಂಡೊಯ್ದು ತುಕ್ಕು ಹಬ್ಬಿನ ಮೇಲೆ ಓರೆಯಾಗಿ ಬಿಗಿಯುತ್ತಾರೆ. ಆಮೇಲೆ ಬೈಗುಳ ನನಗೆ. ಸಾಧ್ಯವಾದರೆ ಹಬ್ಬಿನ ಸಮೇತ ತನ್ನಿ.

ಬಾಳೂರು ಪಿಕಪ್

ಮೇಸ್ತ್ರಿಗಳೇ, ಇಂದು ಬೆಳಗ್ಗೆ ಐದೂವರೆಗೆ ಎದ್ದು ನೀವು ಹೇಳಿದಂತೆ ಮಾಡಿದೆ. ಮನೆಯವಳು ‘ಇಷ್ಟು ಬೇಗ ಯಾವ ಬಾಡಿಗೆ’ ಎಂದು ಕೇಳಿದಳು. ಬ್ರೇಕ್ ಪರೀಕ್ಷೆ ಎಂದರೆ ನಂಬುವ ಮುಖ ಕಾಣಲಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದಾಗ ಸ್ಟೇರಿಂಗ್ ಶಾಂತ. ಆದರೆ ಸೀಟಿನ ಕೆಳಗೆ ಸಣ್ಣಗೆ ಗುದ್ದಿದಂತೆ ಆಗುತ್ತದೆ, ಎತ್ತಿನ ಗಾಡಿ ಕಲ್ಲುಹಾದಿಯಲ್ಲಿ ಹೋದ ಹಾಗೆ. ಇದು ನನಗೆ ಇಷ್ಟು ದಿನ ಗೊತ್ತೇ ಆಗಿರಲಿಲ್ಲ, ಸ್ಟೇರಿಂಗಿನ ನಡುಕದಲ್ಲಿ ಮುಚ್ಚಿಹೋಗಿತ್ತು.

ಬಿಸಿ ನೋಡಲು ಕೈ ಹಿಡಿದೆ. ಬಲಗಡೆ ಕೈ ಇಟ್ಟುಕೊಂಡಿರಬಹುದು. ಎಡಗಡೆ ಎರಡು ಕ್ಷಣವೂ ಆಗಲಿಲ್ಲ, ಸುಟ್ಟ ವಾಸನೆ ಬೇರೆ. ಚಕ್ರ ಬಿಚ್ಚಿ ನೋಡಿದೆ: ಎಡಗಡೆ ಒಳ ಪ್ಯಾಡ್ ನನ್ನ ಕಣ್ಣಳತೆಗೆ 4 ಮಿ.ಮೀ., ಹೊರಗಿನದ್ದು ಅದರ ಎರಡರಷ್ಟು ದಪ್ಪ. ಡಿಸ್ಕಿನ ಮೇಲೆ ಅಲ್ಲಲ್ಲಿ ನೀಲಿ ಛಾಯೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಬೈದರೂ ಚಿಂತೆಯಿಲ್ಲ. ಘಾಟಿ ಇಳಿದ ಮೇಲೆ ಕೆಳಗೆ ಟೀ ಕುಡಿಯಲು ನಿಲ್ಲಿಸುವಾಗ ಇಳಿಜಾರೆಂದು ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದಿಡುತ್ತೇನೆ. ಚಕ್ರ ಹೊಗೆಯಾಡುತ್ತಿದ್ದರೆ ಒಂದು ಬಾಟಲಿ ನೀರು ಹಾಕುತ್ತೇನೆ.

ಡಿಪೋ ಮೇಸ್ತ್ರಿ

ಬೈಯುವುದಿಲ್ಲ. ಡಿಪೋದಲ್ಲಿ ಸಂಬಳ ತೆಗೆದುಕೊಂಡು ಅದನ್ನೇ ಮಾಡಿದವರನ್ನು ನೋಡಿದ್ದೇನೆ. ಆದರೆ ನಿಲ್ಲಿಸಿ. ಕೆಂಪಗೆ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಕಾದ ಡ್ರಮ್ಮಿನೊಳಗೆ, ಅದನ್ನು ಒಳಗಿನಿಂದ ಹಿಡಿಯುವ ಎರಡು ಶೂಗಳನ್ನು ಬಲವಾಗಿ ಒತ್ತಿಟ್ಟು ತಣಿಯಲು ಬಿಟ್ಟರೆ ಡ್ರಮ್ಮು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನಿಮ್ಮ ಸೀಟಿನ ಕೆಳಗಿನ ಗುದ್ದು ಬಹುಶಃ ಅದೇ. ಕಾದಾಗ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟು ಇಳಿಯಿರಿ. ಕಾಲು ಬ್ರೇಕನ್ನೂ ಒತ್ತಿ ಹಿಡಿದು ನಿಲ್ಲಬೇಡಿ. ಕಾದ ಪ್ಯಾಡು ಡಿಸ್ಕಿನ ಮೇಲೆ ತನ್ನ ಮುದ್ರೆ ಒತ್ತುತ್ತದೆ, ಆ ಕಲೆಯೂ ಆಮೇಲೆ ನಡುಗಿಸುತ್ತದೆ.

ಎಡಗಡೆಯ ವಿಷಯ ಸ್ಪಷ್ಟ. ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ. ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವುದು ಒಳಗಡೆ. ಪಿನ್ ಜಾರಿದರೆ ತಾನೇ ಹೊರಗಿನ ಪ್ಯಾಡ್ ಬಂದು ಕಚ್ಚುವುದು? ಅದು ಜಾರದಿದ್ದರೆ ಒಳ ಪ್ಯಾಡೊಂದೇ ದುಡಿದು ದುಡಿದು ಸವೆಯುತ್ತದೆ, ಬಿಡುವಾಗಲೂ ಪೂರ್ತಿ ಬಿಡುವುದಿಲ್ಲ. ಪಿನ್ ಹೊರತೆಗೆದು, ತುಕ್ಕು ಉಜ್ಜಿ, ರಬ್ಬರ್ ಬೂಟ್ ಹರಿದಿದ್ದರೆ ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡವೇ ಬೇಡ, ರಬ್ಬರ್ ಉಬ್ಬಿ ಮತ್ತೆ ಹಿಡಿದುಕೊಳ್ಳುತ್ತದೆ. ಪಿನ್ನಿನಲ್ಲಿ ಗುಂಡಿ ಬಿದ್ದಿದ್ದರೆ ಉಜ್ಜುತ್ತ ಕೂರಬೇಡಿ, ಹೊಸದು ಹಾಕಿ. ಬ್ರೇಕ್ ಆಯಿಲ್ ಎಂದು ಬದಲಿಸಿದ್ದೀರಿ? ಎರಡು ವರ್ಷ ಮೀರಿದ್ದರೆ ಅದನ್ನೂ ಮಾಡಿ. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೇಳುವುದೇ ಬೇಡ. ತೇವ ಸೇರಿದ ಆಯಿಲ್ ಘಾಟಿಯ ಬಿಸಿಗೆ ಕುದಿದು ಪೆಡಲ್ ನೆಲಕ್ಕೆ ಹೋದರೆ ಆಗ ನಡುಕದ ಚಿಂತೆ ಇರುವುದಿಲ್ಲ.

ಈಗ ಆ ಪ್ಲೇಟಿಗೆ ಬರುತ್ತೇನೆ. ಹಿಂದಿನ ಆಕ್ಸಲ್ಲಿನ ಮೇಲೆ, ಚಾಸಿಗೆ ಬಿಗಿದ ಒಂದು ಸಣ್ಣ ವಾಲ್ವ್ ಇದೆಯೇ ನೋಡಿ. ಅದರಿಂದ ಒಂದು ಕಡ್ಡಿಯೋ ಸ್ಪ್ರಿಂಗೋ ಆಕ್ಸಲ್ಲಿಗೆ ಇಳಿದಿರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಎನ್ನುತ್ತಾರೆ. ಲೋಡ್ ಹಾಕಿದಾಗ ಚಾಸಿ ಕೆಳಗೆ ಕೂರುತ್ತದೆ, ಕಡ್ಡಿ ಮೇಲಕ್ಕೆ ತಳ್ಳುತ್ತದೆ, ವಾಲ್ವು ‘ಓಹೋ, ಸಾಮಾನು ಬಂತು’ ಎಂದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಗುರವಾದ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ತಿರುಗಿಬಿಡುತ್ತದೆ.

ನೀವು ಪ್ಲೇಟ್ ಹೆಚ್ಚಿಸಿದಿರಿ. ಈಗ ಒಂದು ಟನ್ ಶುಂಠಿ ಹೇರಿದರೂ ಹಿಂಭಾಗ ಮೊದಲಿನಷ್ಟು ಕೂರುವುದಿಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಹೆಚ್ಚುಕಡಿಮೆ ಖಾಲಿ. ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ, ಉಳಿದ ಭಾರವೆಲ್ಲ ಮುಂದಿನ ಡಿಸ್ಕಿನ ಮೇಲೆ. ಮೂರು ಟನ್ ತೂಗುವ ಗಾಡಿ 100 ಮೀಟರ್ ಎತ್ತರ ಇಳಿಯುವಾಗ ಅದನ್ನು ಬರೀ ಬ್ರೇಕಿನಿಂದ ತಡೆದರೆ ಹುಟ್ಟುವ ಶಾಖ ಒಂಬತ್ತು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಚಾರ್ಮಾಡಿ 100 ಮೀಟರಿಗೆ ಮುಗಿಯುವ ಘಾಟಿಯಲ್ಲ. ಪ್ಲೇಟ್ ಹಾಕಿಸಿದ್ದು ಮೊದಲೋ, ನಡುಕ ಶುರುವಾದದ್ದು ಮೊದಲೋ?

ಬಾಳೂರು ಪಿಕಪ್

ಪ್ಲೇಟ್ ಯುಗಾದಿಗೆ. ನಡುಕ ಆ ವರ್ಷದ ಮಳೆಗಾಲ ಮುಗಿದ ಮೇಲೆ.

ಕಡ್ಡಿ ಇದೆ ಮೇಸ್ತ್ರಿಗಳೇ. ಕೆಸರು ಮೆತ್ತಿಕೊಂಡು ಅದೊಂದು ಅಂಗ ಇದೆಯೆಂದೇ ಗೊತ್ತಿರಲಿಲ್ಲ. ಪ್ಲೇಟ್ ಹಾಕಿದವನೂ ಅದರ ಮಾತೆತ್ತಲಿಲ್ಲ. ಹೆಚ್ಚು ಹಿಡಿಯಲಿ ಎಂದು ಕಡ್ಡಿಯನ್ನು ನಾನೇ ಮೇಲಕ್ಕೆ ಎತ್ತಿ ಕಟ್ಟಬಹುದೇ?

ಡಿಪೋ ಮೇಸ್ತ್ರಿ

ಬೇಡ! ತಂತಿಯಲ್ಲಿ ಕಟ್ಟಿದ ಗಾಡಿಗಳನ್ನು ನಾನು ಕಂಡಿದ್ದೇನೆ, ಖಾಲಿ ಬರುವಾಗ ಮಳೆಯಲ್ಲಿ ಚರಂಡಿಗೆ ಹಿಂಬದಿ ಕೊಟ್ಟು ನಿಂತದ್ದನ್ನೂ ಕಂಡಿದ್ದೇನೆ. ಕೈಪಿಡಿಯಲ್ಲಿ ಹೇಳಿದ ಅಳತೆಗೆ, ಸಾಧ್ಯವಾದರೆ ಒತ್ತಡದ ಗೇಜ್ ಹಾಕಿ, ಕಂಪನಿಯ ವರ್ಕ್‌ಶಾಪಿನಲ್ಲೇ ಹೊಂದಿಸಬೇಕು. ಅದಕ್ಕಿಂತ ಸರಿಯಾದ ದಾರಿ ಆ ಪ್ಲೇಟ್ ತೆಗೆಸಿ, ಆರ್‌ಸಿ ಪುಸ್ತಕದಲ್ಲಿ ಬರೆದಷ್ಟೇ ಲೋಡ್ ಹೇರುವುದು. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಗೊತ್ತು.

ಮುಂದಿನ ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಮೊದಲು ಹಬ್ಬಿನ ಬೇರಿಂಗಿನ ಆಟ ನೋಡಲಿ. ಬೇರಿಂಗ್ ಸಡಿಲವಿದ್ದರೆ ಆಮೇಲಿನ ಅಳತೆಗೆ ಅರ್ಥವಿಲ್ಲ. ಸ್ಟೇರಿಂಗ್, ಸಸ್ಪೆನ್ಷನ್ನಿನ ಕೀಲುಗಳಾದ ಟೈ ರಾಡ್, ಬಾಲ್ ಜಾಯಿಂಟ್ ಕೂಡ ಅಲ್ಲಾಡಿಸಿ ನೋಡಲಿ. ಅವು ನಡುಕ ಹುಟ್ಟಿಸದಿದ್ದರೂ ಸಣ್ಣದನ್ನು ದೊಡ್ಡದು ಮಾಡಿ ಕೈಗೆ ಕೊಡುತ್ತವೆ. ಹಬ್ಬಿನ ಮುಖವನ್ನು ತಂತಿ ಬ್ರಷ್, ಉಪ್ಪುಕಾಗದದಲ್ಲಿ ಉಜ್ಜಿ ಲೋಹ ಹೊಳೆಯಬೇಕು. ಡಿಸ್ಕ್ ಬಿಗಿದ ಮೇಲೆ ಅದರ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಮುಳ್ಳು ತಾಗಿಸಿ, ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸಲಿ. ಓಲಾಟ ಎಷ್ಟಿರಬೇಕೆಂದು ನಿಮ್ಮ ಕೈಪಿಡಿ ಹೇಳುತ್ತದೆ, ನಾನಾದರೆ 0.05 ಮಿ.ಮೀ. ಒಳಗೆ ಬರುವವರೆಗೆ ಬಿಡುವುದಿಲ್ಲ. ಹೆಚ್ಚು ಬಂದರೆ ಡಿಸ್ಕನ್ನು ಬಿಚ್ಚಿ ಒಂದು ಬೋಲ್ಟ್ ತೂತಿನಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಬೇಕು. ಹಬ್ಬಿನ ಓರೆ, ಡಿಸ್ಕಿನ ಓರೆ ಒಂದನ್ನೊಂದು ಹೊಡೆದುಹಾಕುವ ಜಾಗ ಸಿಗುತ್ತದೆ. ಕೊನೆಗೆ ಚಕ್ರದ ನಟ್ಟನ್ನು ಏರ್ ಗನ್ನಿನಲ್ಲಿ ಗರ್ರ್ ಎನ್ನಿಸದೆ, ಎದುರುಬದುರಾಗಿ, ಎರಡು ಮೂರು ಹಂತದಲ್ಲಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಒಂದು ನಟ್ ಹೆಚ್ಚು, ಒಂದು ಕಡಿಮೆ ಬಿಗಿದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಕಡೂರು ಎಕ್ಸ್‌ಪ್ರೆಸ್

ಸುಮ್ಮನೆ ಓದುತ್ತಿದ್ದೇನೆ. ನನ್ನ 600 ರೂಪಾಯಿಯ ಸಲಹೆ ವಾಪಸ್.

ಬಾಳೂರು ಪಿಕಪ್

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ, ನಡುವೆ ಶುಂಠಿ ಕೀಳುವ ಕೆಲಸ.

ಹಳೆಯ ಗ್ಯಾರೇಜಿಗೆ ಹೋಗಲಿಲ್ಲ. ಡಯಲ್ ಗೇಜ್ ಎಂದರೆ ಅಲ್ಲಿ ನಕ್ಕರು. ಹಾಸನದ ಲೇತ್ ಅಂಗಡಿಯವರು ಖಾಸಗಿಯಾಗಿ ದಾರಿ ಹೇಳಿದರು, ಅವರಲ್ಲಿಗೇ ಹೋದೆ. ಎಡಗಡೆ ಹಬ್ಬಿನ ಮುಖದಲ್ಲಿ ಒಂದು ಬೋಲ್ಟಿನ ಪಕ್ಕ ತುಕ್ಕು ಪದರ ಪದರವಾಗಿ ಕೂತಿತ್ತು. ಎರಡು ಸಲ ಡಿಸ್ಕ್ ಬದಲಿಸಿದಾಗಲೂ ಯಾರೂ ಮುಟ್ಟಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು. ಬಿಚ್ಚುವ ಮೊದಲು ಗೇಜಿನಲ್ಲಿ ಎಡಗಡೆ 0.14, ಬಲಗಡೆ 0.05. ದಪ್ಪದಲ್ಲಿ ಎಡ ಡಿಸ್ಕಿಗೆ 0.03ರ ವ್ಯತ್ಯಾಸ. ಮೂರನೆಯ ಜೊತೆ ಬೇಕಾಗಲಿಲ್ಲ, ಇದ್ದುದನ್ನೇ ಸವರಿದರು, ಕನಿಷ್ಠ ದಪ್ಪಕ್ಕಿಂತ ಇನ್ನೂ ಸಾಕಷ್ಟು ಮೇಲಿದೆ. ಎರಡು ತೂತು ತಿರುಗಿಸಿ ಕೂರಿಸಿದ ಮೇಲೆ ಎಡಗಡೆ 0.04. ಎಡ ಕ್ಯಾಲಿಪರಿನ ಕೆಳಗಿನ ಪಿನ್ ಸುತ್ತಿಗೆಯ ಏಟಿಗೆ ಮಾತ್ರ ಹೊರಬಂತು, ಅದು ಹೊಸದು. ಪ್ಯಾಡ್ ಹೊಸದು. ಆಯಿಲ್ ಬದಲಿಸಿದಾಗ ಹಳೆಯದು ಕಷಾಯದ ಬಣ್ಣಕ್ಕಿತ್ತು.

ಬರುವಾಗ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಮಧ್ಯಮವಾಗಿ ಬ್ರೇಕ್ ಒತ್ತಿ, ಆಮೇಲೆ ಒಂದಷ್ಟು ದೂರ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿದೆ. ಹೊಸ ಪ್ಯಾಡ್ ಕೂರಲು ಹಾಗೆ ಮಾಡಬೇಕೆಂದು ಲೇತಿನವರು ಹೇಳಿದರು. ಸ್ಟೇರಿಂಗ್ ಈಗ ಸುಮ್ಮನಿದೆ.

ಡ್ರಮ್ ಅಳೆದಾಗ ಎರಡೂ ಮೊಟ್ಟೆಯೇ. ಎಡದ್ದನ್ನು ಸವರಿದರು, ಬಲದ್ದು ಗರಿಷ್ಠ ಅಳತೆ ದಾಟುತ್ತಿತ್ತು, ಹೊಸದು ತರಿಸಬೇಕು. ಆ ಗುದ್ದು ಇನ್ನೂ ಸ್ವಲ್ಪ ಇದೆ. ವಾಲ್ವನ್ನು ಚಿಕ್ಕಮಗಳೂರಿನ ವರ್ಕ್‌ಶಾಪಿನಲ್ಲಿ ಹೊಂದಿಸಲು ಮುಂದಿನ ಮಂಗಳವಾರ ಬರಹೇಳಿದ್ದಾರೆ. ಪ್ಲೇಟ್ ಇದ್ದರೆ ಹೊಂದಿಸುವುದಿಲ್ಲವಂತೆ, ತೆಗೆಸಿಕೊಂಡೇ ಬನ್ನಿ ಎಂದರು. ತೆಗೆಸುತ್ತೇನೆ. ಅಲ್ಲಿಯವರೆಗೆ ಅರ್ಧ ಲೋಡ್, ಘಾಟಿಯಲ್ಲಿ ಎರಡನೇ ಗೇರ್.

ಒಟ್ಟು ಖರ್ಚು ಈವರೆಗೆ 3,650. ಮೊದಲು ಸುರಿದ ಹಣದ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಡಿಪೋ ಮೇಸ್ತ್ರಿ

ಒಳ್ಳೆಯದಾಯಿತು. ಚಕ್ರ ಬಿಚ್ಚಿ ಹಾಕಿದ್ದೀರಿ, 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ. ಬಲಗಡೆಯ ಪಿನ್ನುಗಳನ್ನೂ ತೆಗೆದು ಗ್ರೀಸ್ ಹಾಕಿದರೋ, ಎಡಗಡೆಯದ್ದು ಮಾತ್ರವೋ?

ಬಾಳೂರು ಪಿಕಪ್

ಎಡಗಡೆಯದ್ದು ಮಾತ್ರ. ನಾಳೆ ಬೆಳಗ್ಗೆ ಬಲಗಡೆ ಬಿಚ್ಚುತ್ತೇನೆ.